ನಮ್ಮ ಬ್ಯಾಡಗಿ ಗಿಡಕ್ಕೆ ಈ ಖಾರ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿ. ಎರೆ ಹೊಲದಲ್ಲಿ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಬೆಳೆಯುತ್ತೇವೆ. ಅಜ್ಜನ ಕಾಲದಿಂದ ಮನೆಯ ಬೀಜವೇ. ಮೂರು ವರ್ಷದಿಂದ ಬದುವಿನ ಆಚೆಯವರು ಗುಂಟೂರು ಕಡೆಯ ಖಾರದ ತಳಿ ಹಾಕುತ್ತಿದ್ದಾರೆ. ಈ ಸಲ ನಮ್ಮ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡದ ಕಾಯಿ ವಿಪರೀತ ಖಾರ. ಕಾಯಿ ಗಿಡ್ಡ, ಮೈ ನುಣುಪು, ಸುಕ್ಕು ಕಡಿಮೆ. ಮೊದಲ ಸಲ ಬಿಡಿಸಿದ್ದನ್ನು ಮಾರುಕಟ್ಟೆಗೆ ಒಯ್ದರೆ ‘ಮಿಕ್ಸ್ ಮಾಲು’ ಎಂದು ದರ ಇಳಿಸಿದರು. ಪಕ್ಕದ ಹೊಲದ ಗಾಳಿಗೆ ನಮ್ಮ ಕಾಯಿಗೂ ಖಾರ ಹತ್ತಿದೆ ಅಂತ ಅಪ್ಪ ಹೇಳುತ್ತಾರೆ. ಗೊಬ್ಬರದ ಅಂಗಡಿಯವರು ನೀರು ಕಡಿಮೆಯಾಗಿ ಹೀಗಾಗಿದೆ ಅಂತಾರೆ. ಬೀಜವೇ ಕೆಟ್ಟಿದೆ, ಹೈಬ್ರಿಡ್ ತರೋಣ ಅನ್ನೋದು ತಮ್ಮನ ಮಾತು. ಬೀಜ ಉದುರಿಸಿ ಪುಡಿ ಮಾಡಿದರೆ ಖಾರ ಇಳಿಯುತ್ತೆ ಎಂದು ಮನೆಯಲ್ಲಿ ಹಾಗೂ ಮಾಡಿ ನೋಡಿದರು, ಅಷ್ಟೇನೂ ಇಳಿಯಲಿಲ್ಲ. ಹಿತ್ತಲಲ್ಲಿ ಬೀಜ ಇಟ್ಟು ಬೆಳೆಸಿದ ದೊಣ್ಣೆ ಮೆಣಸಿನಕಾಯಿಯೂ ಈ ವರ್ಷ ಖಾರ! ಯಾರ ಮಾತು ಸರಿ? ನಮ್ಮ ಬೀಜ ಉಳಿಸಿಕೊಳ್ಳಬಹುದಾ?
– ಒಬ್ಬ ರೈತರು, ಗದಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ‘ಅಲ್ಲೊಂದು ಇಲ್ಲೊಂದು ಗಿಡ’ ಎಂಬುದು. ಅರ್ಧ ಉತ್ತರ ಅದರಲ್ಲೇ ಇದೆ.

ಮೆಣಸಿನಕಾಯಿಯ ಖಾರ ಹೆಚ್ಚಾಗಲು ಎರಡು ದಾರಿ. ಒಂದು ಹವಾಮಾನ. ನೀರು ಕಡಿಮೆಯಾಯಿತು, ಬಿಸಿಲು ಜೋರಾಯಿತು ಅನ್ನಿ. ಅದು ಹೊಲಕ್ಕೆಲ್ಲ ತಟ್ಟುತ್ತದೆ. ಒಂದು ಪಟ್ಟಿಯ ಎಲ್ಲ ಗಿಡಗಳ ಕಾಯಿಯೂ ಸ್ವಲ್ಪ ಖಾರವಾಗುತ್ತವೆ, ಆಕಾರ ಮಾತ್ರ ಬ್ಯಾಡಗಿಯದೇ ಇರುತ್ತದೆ. ಇನ್ನೊಂದು ದಾರಿ ರಕ್ತದ್ದು, ಅಂದರೆ ಬೀಜದ್ದು. ಅದು ಗಿಡದಿಂದ ಗಿಡಕ್ಕೆ ಬೇರೆ. ಈ ಗಿಡ ಬೆಂಕಿ, ಪಕ್ಕದ ಗಿಡ ಎಂದಿನಂತೆ. ಖಾರದ ಜೊತೆಗೆ ಕಾಯಿಯ ಉದ್ದ, ಸುಕ್ಕು, ಬೀಜದ ಪ್ರಮಾಣ ಕೂಡ ಬದಲಾಗಿರುತ್ತದೆ. ನಿಮ್ಮಲ್ಲಿ ಆಗಿರುವುದು ಇದು. ಗೊಬ್ಬರದ ಅಂಗಡಿಯವರ ಮಾತು ಸುಳ್ಳೇನಲ್ಲ. ನೀರಿನ ಕೊರತೆ ಎಷ್ಟೋ ತಳಿಗಳಲ್ಲಿ ಖಾರ ಏರಿಸುತ್ತದೆ. ಆದರೆ ನೀರು ಕಡಿಮೆಯಾಯಿತು ಅಂತ ಒಂದು ಗಿಡ ಬಿಟ್ಟು ಇನ್ನೊಂದು ಗಿಡದ ಕಾಯಿ ನುಣ್ಣಗೆ ಆಗುವುದಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಖಾರದ ಗಿಡ ಒಂದನ್ನು ಹಿಡಿದು ಅದರ ಮೂರ್ನಾಲ್ಕು ಕಾಯಿ ನೋಡಿ. ಎಲ್ಲವೂ ಖಾರ, ಎಲ್ಲವೂ ಗಿಡ್ಡ ಅಂದರೆ ಅದು ಬೀಜದ ಬೆರಕೆ. ಒಂದೇ ಗಿಡದಲ್ಲಿ ಕೆಲವು ಖಾರ, ಕೆಲವು ಸಪ್ಪೆ ಅಂದರೆ ಅದು ಕಾಯಿಯ ವಯಸ್ಸು ಅಥವಾ ಹವಾಮಾನದ ಆಟ. ಒಂದು ಗಿಡದ ಮೈಯಲ್ಲಿ ಇರುವುದು ಒಂದೇ ಜೀನುಗಳ ಗಂಟು. ಅದು ಕಾಯಿಂದ ಕಾಯಿಗೆ ಬದಲಾಗುವುದಿಲ್ಲ.

ಈಗ ಅಪ್ಪನ ಮಾತಿಗೆ ಬರೋಣ. ಅವರು ಅರ್ಧ ಸರಿ, ಅರ್ಧ ತಪ್ಪು. ಬಹಳ ಜನ ತಿಳಿದಿರುವುದೂ ಹೀಗೇ: ಖಾರದ ತಳಿಯ ಪರಾಗ ಬಂದು ನಮ್ಮ ಹೂವಿನ ಮೇಲೆ ಬಿತ್ತು, ಆ ಹೂವಿನಿಂದ ಆದ ಕಾಯಿ ಖಾರವಾಯಿತು ಅಂತ. ಹಾಗಾಗುವುದಿಲ್ಲ. ಕಾಯಿಯ ಸಿಪ್ಪೆ, ಒಳಗಿನ ತಿರುಳು ಎಲ್ಲ ತಾಯಿ ಗಿಡದ ಮೈ. ಗಂಡಿನ ಕಡೆಯ ಪಾಲು ಸೇರುವುದು ಬೀಜದೊಳಗೆ ಮಾತ್ರ. ಈ ತಪ್ಪು ತಿಳಿವಳಿಕೆಗೆ ಮೆಕ್ಕೆಜೋಳ ಕಾರಣ ಇರಬೇಕು ಅಂತ ನನ್ನ ಅನುಮಾನ. ಬಿಳಿ ಮೆಕ್ಕೆಜೋಳದ ಪಕ್ಕ ಹಳದಿ ಹಾಕಿದರೆ ಅದೇ ವರ್ಷ ತೆನೆಯಲ್ಲಿ ಹಳದಿ ಕಾಳು ಕಾಣುತ್ತದೆ. ಅಲ್ಲಿ ನಾವು ತಿನ್ನುವ ಕಾಳೇ ಮಗು. ಮೆಣಸಿನಕಾಯಿಯಲ್ಲಿ ನಾವು ತಿನ್ನುವುದು ತಾಯಿಯನ್ನು. ಹಾಗಾಗಿ ಬೆರಕೆ ಈ ವರ್ಷ ಆದರೆ ಅದು ಕಾಣುವುದು ಮುಂದಿನ ವರ್ಷ, ಆ ಬೀಜ ಬಿತ್ತಿದಾಗ. ನಿಮ್ಮ ಹೊಲದಲ್ಲಿ ಈಗ ಕಾಣುತ್ತಿರುವುದು ಹೋದ ವರ್ಷದ, ಅದಕ್ಕೂ ಹಿಂದಿನ ವರ್ಷದ ಬೆರಕೆ.

ಗಾಳಿಯನ್ನೂ ಅಷ್ಟು ಬೈಯಬೇಡಿ. ಮೆಣಸಿನ ಹೂವಿನ ಪರಾಗ ಅಂಟಂಟು, ಗಾಳಿಯಲ್ಲಿ ದೂರ ಹಾರುವಂಥದ್ದಲ್ಲ. ಹೊತ್ತು ತರುವುದು ಹೆಚ್ಚಾಗಿ ಜೇನು ಮತ್ತು ಬೇರೆ ಹುಳುಗಳು. ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಬಲ್ಲದು, ನಿಜ. ಅದಕ್ಕೇ ‘ಮೆಣಸಿನ ಗಿಡ ಬೆರಕೆ ಆಗೋದಿಲ್ಲ’ ಅನ್ನುವವರೂ ಇದ್ದಾರೆ. ಆದರೆ ಕೆಲವು ತಳಿಗಳಲ್ಲಿ ಹೂವಿನ ಶಲಾಕೆ (ಪರಾಗ ಹಿಡಿಯುವ ಹೆಣ್ಣು ಭಾಗ) ಪರಾಗದ ಚೀಲಗಳಿಗಿಂತ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅಲ್ಲಿ ಹುಳುವಿನ ಕಾಲಿನ ಪರಾಗ ಮೊದಲು ತಾಗುತ್ತದೆ. ಬೆರಕೆಯ ಪ್ರಮಾಣ ತಳಿ, ಜಾಗ, ಹುಳುಗಳ ಓಡಾಟ ನೋಡಿ ತುಂಬಾ ಏರುಪೇರಾಗುತ್ತದೆ. ಬೀಜ ಪ್ರಮಾಣೀಕರಣದ ನಿಯಮದಲ್ಲಿ ಪ್ರಮಾಣಿತ ಬೀಜಕ್ಕೆ ಬೇರೆ ಮೆಣಸಿನ ಹೊಲದಿಂದ 200 ಮೀಟರ್, ಮೂಲ ಬೀಜಕ್ಕೆ 400 ಮೀಟರ್ ಅಂತರ ಕೇಳುವುದು ಸುಮ್ನೆ ಅಲ್ಲ. ನಿಮ್ಮ ನಡುವೆ ಇರುವುದು ಒಂದು ಬದು!

ಇನ್ನು ಖಾರದ ಒಳಗುಟ್ಟು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಬೀಜ ಉಳಿಸುವ ವಿಚಾರ ಇದರ ಮೇಲೆ ನಿಂತಿದೆ.

ಖಾರ ಹುಟ್ಟುವುದು ಬೀಜದಲ್ಲಿ ಅಲ್ಲ. ಕಾಯಿ ಸೀಳಿದರೆ ತೊಟ್ಟಿನ ಕಡೆಯಿಂದ ಒಳಗೆ ಇಳಿದಿರುವ, ಬೀಜ ಅಂಟಿಕೊಂಡಿರುವ ತಿಳಿ ಬಣ್ಣದ ತಿರುಳು ಕಾಣುತ್ತದೆ ಅಲ್ವಾ, ಕಾರ್ಖಾನೆ ಇರುವುದು ಅಲ್ಲಿ. ಬೀಜಕ್ಕೆ ಖಾರ ಇರುವುದು ಅಲ್ಲಿಂದ ಮೆತ್ತಿಕೊಂಡಷ್ಟು ಮಾತ್ರ. ಒಣಕಾಯಿಯಲ್ಲಿ ಆ ತಿರುಳು ತೆಳು ಹಾಳೆಯ ಹಾಗೆ ಮುದುಡಿ ಒಳಗೇ ಉಳಿದಿರುತ್ತದೆ. ನಿಮ್ಮ ಮನೆಯವರು ಬೀಜ ಉದುರಿಸಿದರೂ ಖಾರ ಇಳಿಯದೇ ಇದ್ದದ್ದು ಅದಕ್ಕೇ. ತೊಟ್ಟು ಮುರಿದು, ಕಾಯಿ ಸೀಳಿ, ಆ ಹಾಳೆಯನ್ನೂ ಕಿತ್ತು ತೆಗೆದರೆ ಸಾಕಷ್ಟು ಕಡಿಮೆಯಾಗುತ್ತದೆ. (ಈಶಾನ್ಯದ ಭೂತ್ ಜೊಲೊಕಿಯಾಗೆ ಈ ಉಪಾಯ ನಡೆಯುವುದಿಲ್ಲ. ಅದರ ಸಿಪ್ಪೆಯ ಒಳಮೈಯಲ್ಲೂ ಖಾರದ ಗುಳ್ಳೆಗಳಿರುತ್ತವೆ. ಖಾರದ ಅಳತೆಯಾದ ಸ್ಕೋವಿಲ್‌ನಲ್ಲಿ ಹತ್ತು ಲಕ್ಷ ದಾಟಿದ ಕಾಯಿ ಅದು.)

ಖಾರದ ಮುಖ್ಯ ವಸ್ತು ಕ್ಯಾಪ್ಸೈಸಿನ್. ಗಿಡ ಇದನ್ನು ಎರಡು ತುಂಡುಗಳನ್ನು ಜೋಡಿಸಿ ಮಾಡುತ್ತದೆ. ಒಂದು ತುಂಡು ವೆನಿಲ್ಲಾದ ವಾಸನೆ ಕೊಡುವ ವಸ್ತುವಿನ ಹತ್ತಿರದ ಸಂಬಂಧಿ. ಇನ್ನೊಂದು ಕೊಬ್ಬಿನ ಜಾತಿಯ ಸಣ್ಣ ಸರಪಳಿ. ಈ ಎರಡನ್ನು ಕೊನೆಯಲ್ಲಿ ಬೆಸೆಯುವ ಕೆಲಸ ‘ಪನ್1’ ಎಂಬ ಜೀನಿನದು. ಖಾರ ಇರುವುದು, ಇಲ್ಲದಿರುವುದು ಒಂದೇ ಪ್ರಬಲ ಜೀನಿನ ಮೇಲೆ ನಿಂತಿದೆ ಎಂದು ನಮ್ಮ ದೇಶದ ವಿಜ್ಞಾನಿ ದೇಶಪಾಂಡೆ 1935ರಲ್ಲೇ ಬರೆದಿದ್ದರು. ಆ ಜೀನು ಯಾವುದು ಎಂದು ಕೈಗೆ ಸಿಕ್ಕಿದ್ದು 2005ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರಿಗೆ. ದೊಣ್ಣೆ ಮೆಣಸಿನಕಾಯಿಯಲ್ಲಿ ಈ ಜೀನಿನ ಆರಂಭದ ಸುಮಾರು 2,500 ಡಿಎನ್‌ಎ ಅಕ್ಷರಗಳೇ ಹಾರಿಹೋಗಿವೆ. ತುಂಡುಗಳನ್ನು ಬೆಸೆಯುವವರೇ ಇಲ್ಲ. ಹಾಗಾಗಿ ಖಾರವೂ ಇಲ್ಲ.

ನಿಮ್ಮ ಹಿತ್ತಲ ದೊಣ್ಣೆ ಮೆಣಸಿನಕಾಯಿಯ ಕತೆ ಇಲ್ಲಿಗೆ ಬಂತು. ಪನ್1 ಕೆಲಸ ಮಾಡಲು ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರ ಕಡೆಯಿಂದ ಒಳ್ಳೆಯ ಪ್ರತಿ ಬಂದರೆ ಸಾಕು. ಹೋದ ವರ್ಷ ಹಿತ್ತಲಿನ ಹೂವಿಗೆ ಯಾವುದೋ ಖಾರದ ಗಿಡದ ಪರಾಗ ಬಿತ್ತು. ಆಗ ಕಾಯಿ ಸಪ್ಪೆಯಾಗಿಯೇ ಇತ್ತು, ನೀವು ತಿಂದಿರಿ, ಬೀಜ ಇಟ್ಟಿರಿ. ಬೀಜದೊಳಗೆ ಖಾರ ಸೇರಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಈ ವರ್ಷ ಆ ಬೆರಕೆ ಬೀಜದ ಗಿಡಗಳಷ್ಟೂ ಖಾರ. ಈಗ ಇವುಗಳ ಬೀಜ ಮತ್ತೆ ಬಿತ್ತಿದರೆ, ತಮ್ಮಲ್ಲೇ ಪರಾಗ ಸೇರಿದ್ದರೆ, ಸರಾಸರಿ ನಾಲ್ಕರಲ್ಲಿ ಒಂದು ಗಿಡ ಸಪ್ಪೆ ಬರುತ್ತದೆ. ಅದರ ಆಕಾರ ದೊಣ್ಣೆಯದೇ ಇರುತ್ತದೆ ಅನ್ನುವ ಭರವಸೆ ಬೇಡ.

ಆದರೆ ನಿಮ್ಮ ಬ್ಯಾಡಗಿಯ ಲೆಕ್ಕ ಇಷ್ಟು ಸರಳ ಅಲ್ಲ. ಬ್ಯಾಡಗಿ ಸಪ್ಪೆ ಕಾಯಿ ಅಲ್ಲ, ಕಡಿಮೆ ಖಾರದ ಕಾಯಿ. ಅದರಲ್ಲೂ ಪನ್1 ಸರಿಯಾಗಿಯೇ ಇದೆ. ಫ್ಯಾನಿಗೆ ಸ್ವಿಚ್ ಬೇರೆ, ರೆಗ್ಯುಲೇಟರ್ ಬೇರೆ ಇರುವ ಹಾಗೆ ಇದು. ಪನ್1 ಸ್ವಿಚ್. ಎಷ್ಟು ಖಾರ ಎಂಬುದನ್ನು ತೀರ್ಮಾನಿಸುವ ರೆಗ್ಯುಲೇಟರುಗಳು ಬೇರೆ, ಅವು ಒಂದಲ್ಲ, ಹಲವು. ಮೆಣಸಿನ ಗಿಡದ 12 ಜೋಡಿ ವರ್ಣತಂತುಗಳಲ್ಲಿ ಬೇರೆ ಬೇರೆ ಕಡೆ ಕೂತಿವೆ. ಅವುಗಳಲ್ಲಿ ಒಂದು, 7ನೇ ವರ್ಣತಂತುವಿನ ಮೇಲೆ ಇರುವ ಮೇಲ್ವಿಚಾರಕ ಜೀನು, ಖಾರದ ದಾರಿಯ ಹಲವು ಜೀನುಗಳಿಗೆ ಒಟ್ಟಿಗೆ ‘ಕೆಲಸ ಮಾಡಿ’ ಅನ್ನುತ್ತದೆ. ಇನ್ನು ಕೆಲವು ಕಚ್ಚಾವಸ್ತು ಎಷ್ಟು ಹರಿಯಬೇಕು ಎಂದು ನೋಡಿಕೊಳ್ಳುತ್ತವೆ. ನೀರು, ಬಿಸಿಲು ಕೂಡ ತಿರುಗಿಸುವುದು ಈ ರೆಗ್ಯುಲೇಟರುಗಳನ್ನೇ.

ಇದರಿಂದ ನಿಮಗೇನು? ಬಹಳ ಇದೆ. ಬ್ಯಾಡಗಿ ಸಾಮಾನ್ಯವಾಗಿ ಹತ್ತು-ಹದಿನೈದು ಸಾವಿರ ಸ್ಕೋವಿಲ್ ಆಸುಪಾಸಿನದು, ಗುಂಟೂರು ಸಣ್ಣಂ ಮೂವತ್ತು-ನಲವತ್ತು ಸಾವಿರದ್ದು. ಇವೆರಡರ ಬೆರಕೆಯಲ್ಲಿ ಮೊದಲ ಪೀಳಿಗೆ ಸಾಮಾನ್ಯವಾಗಿ ನಡುವೆ ಎಲ್ಲೋ ನಿಲ್ಲುತ್ತದೆ. ಎರಡನೇ ಪೀಳಿಗೆಯಲ್ಲಿ ರೆಗ್ಯುಲೇಟರುಗಳು ಚೆಲ್ಲಾಪಿಲ್ಲಿಯಾಗಿ ಹಂಚಿಕೆಯಾಗುತ್ತವೆ. ಒಂದು ಗಿಡ ಅಪ್ಪನಷ್ಟೇ ಖಾರ, ಒಂದು ಅಮ್ಮನಂತೆ, ಉಳಿದವು ನಡುವಿನ ಹತ್ತು ಬಗೆ. ನಾಲ್ಕಕ್ಕೊಂದು ಅನ್ನುವ ಲೆಕ್ಕ ಇಲ್ಲಿ ಸಿಗುವುದಿಲ್ಲ. ಮೂರು ವರ್ಷದಿಂದ ರಾಶಿಯಿಂದಲೇ ಬೀಜ ತೆಗೆದಿದ್ದೀರಿ ಅಂದುಕೊಳ್ಳುತ್ತೇನೆ. ಹಾಗಿದ್ದರೆ ನಿಮ್ಮ ಹೊಲದಲ್ಲಿ ಶುದ್ಧ ಬ್ಯಾಡಗಿ, ಮೊದಲ ಪೀಳಿಗೆಯ ಬೆರಕೆ, ಎರಡನೆಯದು, ಎಲ್ಲವೂ ಈಗ ಒಟ್ಟಿಗೆ ನಿಂತಿವೆ. ಕೆಟ್ಟದ್ದು ಕಣ್ಣಿಗೆ ಬೀಳುವ ಗಿಡಗಳಲ್ಲ, ಅವನ್ನು ಕಿತ್ತರಾಯಿತು. ತೊಂದರೆ ಕೊಡುವುದು ನೋಡಲು ಬ್ಯಾಡಗಿಯಂತೆ ಇದ್ದು ಒಳಗೆ ಬೆರಕೆ ಇಟ್ಟುಕೊಂಡವು.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಬ್ಯಾಡಗಿಗೆ ದರ ಬರುವುದು ಖಾರ ಕಡಿಮೆ ಎಂಬುದಕ್ಕಿಂತ ಬಣ್ಣಕ್ಕೆ. ಮಾರುಕಟ್ಟೆಯಲ್ಲಿ ‘ಬಣ್ಣ ಜಾಸ್ತಿ ಇದ್ದರೆ ಖಾರ ಕಡಿಮೆ ಇರಲೇಬೇಕು’ ಎಂಬ ಮಾತಿದೆ. ಗಿಡದ ಒಳಗೆ ಅಂಥ ನಿಯಮ ಏನೂ ಇಲ್ಲ. ಬಣ್ಣ ಕೂರುವುದು ಸಿಪ್ಪೆಯಲ್ಲಿ, ಕ್ಯಾಪ್ಸಾಂಥಿನ್ ಎಂಬ, ಗಜ್ಜರಿಯ ಬಣ್ಣದ ಬಳಗದ ವಸ್ತುವಾಗಿ. ಅದರ ಜೀನುಗಳೇ ಬೇರೆ, ದಾರಿಯೇ ಬೇರೆ. ಕಡುಗೆಂಪು ಮತ್ತು ಕಡುಖಾರ ಎರಡೂ ಇರುವ ಕಾಯಿ ಬೆಳೆಸಬಹುದು, ತಳಿ ತಜ್ಞರು ಬೆಳೆಸಿದ್ದಾರೆ ಕೂಡ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಆಗಿರುವುದು ನಿಮ್ಮ ಅಜ್ಜನಂಥವರು ತಲೆಮಾರುಗಟ್ಟಲೆ ಅಂಥ ಗಿಡದ ಬೀಜವನ್ನೇ ಆರಿಸಿ ಇಟ್ಟುಕೊಂಡಿದ್ದರಿಂದ. 2011ರಲ್ಲಿ ಬ್ಯಾಡಗಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಅದರ ಹಿಂದಿನ ನಿಜವಾದ ದುಡಿಮೆ ಅವರದು. ಬೆರಕೆಯಾದಾಗ ಖಾರದ ಜೀನಿನ ಜೊತೆ ಬಣ್ಣದ ಜೀನುಗಳೂ ಕಲಸಿಹೋಗುತ್ತವೆ. ಒಳ್ಳೆಯ ಬ್ಯಾಡಗಿಯ ಬಣ್ಣ ಆಸ್ಟಾ ಎಂಬ ಬಣ್ಣದ ಅಳತೆಯಲ್ಲಿ 150ರ ಮೇಲಿರುತ್ತದೆ, ಎಣ್ಣೆ-ಬಣ್ಣ ತೆಗೆಯುವ ಕಾರ್ಖಾನೆಯವರು ಕೊಳ್ಳುವುದು ಅದಕ್ಕಾಗಿಯೇ. ಖಾರಕ್ಕೆ ಸಿಟ್ಟಾಗಿ ಗಿಡ ಕೀಳುವಾಗ ಬಣ್ಣ ಮರೆಯಬೇಡಿ. ಖಾರ ಕಡಿಮೆ ಇದ್ದೂ ಬಣ್ಣ ಪೇಲವ ಇರುವ ಗಿಡ ನಿಮಗೆ ಅಷ್ಟೇ ನಷ್ಟ.

ಇನ್ನು ಮುಂದೇನು?

ರಾಶಿಯಿಂದ ಬೀಜ ತೆಗೆಯುವುದನ್ನು ಈ ವರ್ಷವೇ ನಿಲ್ಲಿಸಿ. ಬೇರೆ ಏನು ಮಾಡದಿದ್ದರೂ ಇಷ್ಟು ಮಾಡಿ. ಬೀಜ ಯಾವಾಗಲೂ ಗಿಡ ನೋಡಿ ತೆಗೆಯಬೇಕು, ಕಾಯಿ ನೋಡಿ ಅಲ್ಲ. ರಾಶಿಯಲ್ಲಿ ಚೆಂದ ಕಾಣುವ ಕಾಯಿ ಯಾವ ಗಿಡದ್ದು ಎಂದು ಯಾರಿಗೆ ಗೊತ್ತು?

ಹೊಲದಲ್ಲಿ ಈಗಲೂ ಹೂ ಇದ್ದರೆ ನಿಮಗೆ ಒಳ್ಳೆಯ ಅವಕಾಶ ಇದೆ. ಕಾಯಿಯ ಉದ್ದ, ಸುಕ್ಕು, ಬಣ್ಣ ಎಲ್ಲ ಸರಿ ಇರುವ, ಮುಟುರು ರೋಗ ತಗುಲದ ಗಿಡಗಳನ್ನು ಆರಿಸಿ. ಇಪ್ಪತ್ತು-ಮೂವತ್ತು ಗಿಡ ಆದರೂ ಇರಲಿ. ಒಂದೆರಡೇ ಗಿಡದ ಮೇಲೆ ನಿಂತರೆ ನಿಮ್ಮ ನಾಟಿ ತಳಿಯ ಒಳಗಿನ ವೈವಿಧ್ಯವೇ ಹೋಗುತ್ತದೆ, ಮುಂದೆ ರೋಗ ಬಂದಾಗ ತಡೆಯುವ ಗಿಡ ಸಿಗದೆ ಹೋಗಬಹುದು. ಆರಿಸಿದ ಗಿಡದ ಒಂದೆರಡು ಕೊಂಬೆಯಲ್ಲಿ ಅರಳಿದ ಹೂ, ಕಟ್ಟಿದ ಕಾಯಿ ಎಲ್ಲ ತೆಗೆಯಿರಿ. ಮೊಗ್ಗು ಮಾತ್ರ ಉಳಿಸಿ. ಸೊಳ್ಳೆ ಪರದೆಯ ಬಟ್ಟೆಯಲ್ಲಿ ಚೀಲ ಹೊಲಿದು ಕಟ್ಟಿ. ಹುಳು ಒಳಗೆ ಬರಬಾರದು, ಅಷ್ಟೇ. ಬೆಳಿಗ್ಗೆ ಕೊಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಒಳಗೆ ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ, ಆ ಕಾಯಿಗಳಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಇದರ ಅಪಾಯ ಒಂದೇ: ಚೀಲದೊಳಗೆ ನುಸಿ, ಥ್ರಿಪ್ಸ್ ಸೇರಿಕೊಂಡರೆ ಹಾಯಾಗಿ ಬೆಳೆಯುತ್ತವೆ. ಎರಡು ದಿನಕ್ಕೊಮ್ಮೆ ನೋಡುತ್ತಿರಿ.

ಹೂವಿನ ಕಾಲ ಮುಗಿದಿದ್ದರೆ ಇನ್ನೊಂದು ದಾರಿ. ಒಳ್ಳೆಯ ಗಿಡಗಳ ಹಣ್ಣುಕಾಯಿ ತೆಗೆದು, ಒಂದೊಂದು ಗಿಡದ ಬೀಜಕ್ಕೂ ಬೇರೆ ಬೇರೆ ಪೊಟ್ಟಣ ಮಾಡಿ. ತಾಯಿ ಗಿಡ ಶುದ್ಧವೇ ಇರಬಹುದು. ಆದರೆ ಈ ವರ್ಷ ಅದರ ಹೂವಿಗೂ ಪಕ್ಕದ ಹೊಲದ ಪರಾಗ, ನಿಮ್ಮದೇ ಹೊಲದ ಬೆರಕೆ ಗಿಡಗಳ ಪರಾಗ ಬಿದ್ದಿರುತ್ತದೆ. ಹಾಗಾಗಿ ಮುಂದಿನ ವರ್ಷ ಪೊಟ್ಟಣಕ್ಕೊಂದು ಸಾಲಿನಂತೆ ಹಚ್ಚಿ. ಮೊದಲ ಕಾಯಿ ಕಂಡ ಕೂಡಲೇ ಸಾಲಿನಲ್ಲಿ ಆಕಾರ ಬೇರೆ ಇರುವ ಗಿಡ ಕೀಳಿ. ಒಂದು ಸಾಲಿನಲ್ಲಿ ಹತ್ತು ಬಗೆ ಕಂಡರೆ ಅದರ ತಾಯಿಯೇ ಬೆರಕೆ ಎಂದು ಅರ್ಥ. ಆ ಸಾಲಿನಿಂದ ಬೀಜ ಬೇಡ, ಕಾಯಿ ಮಾರಿ. ಹೀಗೆ ಸಾಲು ಮಾಡದೆ ಎಲ್ಲ ಬೀಜ ಕಲಸಿ ಬಿತ್ತಿದರೆ ಯಾವ ತಾಯಿ ಕೈಕೊಟ್ಟಳು ಎಂದು ಎಂದಿಗೂ ಗೊತ್ತಾಗುವುದಿಲ್ಲ. ಬೀಜದ ಗಿಡಗಳನ್ನು ಪಕ್ಕದವರ ಬದುವಿನಿಂದ ಆದಷ್ಟು ದೂರ ಇಡಿ. 200 ಮೀಟರ್ ಜಾಗ ಎಲ್ಲಿಂದ ತರೋದು ಅಂತೀರಿ, ನಿಜ. ಅದಕ್ಕೇ ಬೀಜದ ಗಿಡಗಳಿಗೆ ಪರದೆ ಹಾಕುವುದನ್ನು ಮುಂದಿನ ವರ್ಷ ಖಂಡಿತ ಮಾಡಿ.

ನಾಲಿಗೆಯಿಂದ ಖಾರ ನೋಡುವುದಾದರೆ ಸ್ವಲ್ಪ ಜಾಣತನ ಬೇಕು. ಹೂ ಬಿಟ್ಟು ಸುಮಾರು ಇಪ್ಪತ್ತು ದಿನಕ್ಕೆ ಖಾರ ಕೂಡಲು ಶುರುವಾಗಿ, ನಲವತ್ತರಿಂದ ಐವತ್ತನೇ ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಹಾಗಾಗಿ ಒಂದೇ ವಯಸ್ಸಿನ ಕಾಯಿಗಳನ್ನೇ ಹೋಲಿಸಿ. ಎಳೆಕಾಯಿ ತಿಂದು ‘ಇದು ಸಪ್ಪೆ’ ಎಂದು ತೀರ್ಮಾನಿಸಬೇಡಿ. ತುದಿ ಕಚ್ಚಿ ನೋಡುವುದೂ ಬೇಡ, ಅಲ್ಲಿ ಖಾರ ಕಡಿಮೆ. ತೊಟ್ಟಿನ ಹತ್ತಿರದ ತಿರುಳಿನ ಚೂರು ನೋಡಿ. ನಾಲ್ಕೈದು ಕಾಯಿ ಆದ ಮೇಲೆ ನಾಲಿಗೆಯ ನರ ಜಡವಾಗಿ ಎಲ್ಲವೂ ಕಡಿಮೆ ಖಾರ ಅನ್ನಿಸುತ್ತದೆ. ಮಜ್ಜಿಗೆ ಕುಡಿದು ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಬರೀ ನೀರು ಕುಡಿದರೆ ಬಾಯಿತುಂಬ ಹರಡುತ್ತದೆ ಅಷ್ಟೇ. 1912ರಲ್ಲಿ ಸ್ಕೋವಿಲ್ ಎಂಬುವರು ಅಳತೆ ಕಂಡುಹಿಡಿದಾಗ ಅವರೂ ನಂಬಿದ್ದು ಜನರ ನಾಲಿಗೆಯನ್ನೇ. ಈಗ ಲ್ಯಾಬಿನಲ್ಲಿ ಯಂತ್ರ ಅಳೆಯುತ್ತದೆ. ದೊಡ್ಡ ಲಾಟ್ ಇದ್ದರೆ ಪರೀಕ್ಷೆ ಮಾಡಿಸುವುದು ಲಾಭ. ಗಿಡ ಆರಿಸಲು ನಾಲಿಗೆ ಸಾಕು.

ತಮ್ಮನ ಸಲಹೆಯನ್ನು ಪೂರ್ತಿ ತಳ್ಳಿಹಾಕಲಾರೆ. ಬ್ಯಾಡಗಿಯಂತೆ ಕಾಣುವ ಹೈಬ್ರಿಡ್‌ಗಳು ಬಂದಿವೆ, ಇಳುವರಿ ಜಾಸ್ತಿ ಕೊಡುತ್ತವೆ. ನೀರಿನ ಅನುಕೂಲ ಇದ್ದು, ಪ್ರತಿ ವರ್ಷ ಬೀಜಕ್ಕೆ ದುಡ್ಡು ಹಾಕಲು ಸಿದ್ಧ ಇದ್ದರೆ ಒಂದು ಭಾಗದಲ್ಲಿ ಹಾಕಿ ನೋಡಲಿ. ಎರಡು ಎಚ್ಚರಿಕೆ. ಹೈಬ್ರಿಡ್‌ನ ಬೀಜ ಇಟ್ಟು ಮರುವರ್ಷ ಬಿತ್ತಿದರೆ ಮೇಲೆ ಹೇಳಿದ ಎರಡನೇ ಪೀಳಿಗೆಯ ಚೆಲ್ಲಾಪಿಲ್ಲಿ ನಿಮ್ಮ ಹೊಲದಲ್ಲೇ ಶುರು. ಮತ್ತೆ, ಅದನ್ನು ಮನೆಯ ಬೀಜದ ಗಿಡಗಳ ಪಕ್ಕ ಹಾಕಿದರೆ ಬದುವಿನ ಆಚೆಯವರು ಮಾಡಿದ್ದನ್ನು ನೀವೇ ಮಾಡಿಕೊಂಡಂತೆ. ಹೊಸದಾಗಿ ನಾಟಿ ಬೀಜವೇ ಬೇಕು ಅಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ, ನಿಮ್ಮ ಜಿಲ್ಲೆಯ ತೋಟಗಾರಿಕೆ ಇಲಾಖೆಯಲ್ಲೋ ಮೊದಲು ವಿಚಾರಿಸಿ. ಸಂತೆಯಲ್ಲಿ ಬಿಡಿಯಾಗಿ ಮಾರುವ ‘ಬ್ಯಾಡಗಿ ಬೀಜ’ ಕೊಳ್ಳಬೇಡಿ. ನಿಮ್ಮದಕ್ಕಿಂತ ಅದು ಶುದ್ಧ ಅನ್ನಲು ಏನೂ ಆಧಾರ ಇರುವುದಿಲ್ಲ.

ಈ ವರ್ಷದ ಮಾಲಿಗೆ ಬಂದರೆ, ಮುಂದಿನ ಸಲ ಬಿಡಿಸುವ ಮೊದಲು ಖಾರದ ಗಿಡಗಳಿಗೆಲ್ಲ ಚಿಂದಿ ಕಟ್ಟಿಸಿ. ಬಿಡಿಸುವ ಹೆಣ್ಣುಮಕ್ಕಳಿಗೆ ಹೇಳಿ, ಆ ಗಿಡಗಳ ಕಾಯಿ ಬೇರೆ ಚೀಲಕ್ಕೆ ಹಾಕಿಸಿ, ಬೇರೆ ಒಣಗಿಸಿ. ಒಣಗಿದ ಮೇಲೆ ಬೇರ್ಪಡಿಸಲು ಹೋದರೆ ಕೂಲಿಯೇ ಜಾಸ್ತಿ. ಖಾರದ ಕಾಯಿಗೂ ಗಿರಾಕಿ ಇದ್ದಾರೆ. ದರ ಇಳಿಯುವುದು ಎರಡೂ ಒಂದೇ ಚೀಲದಲ್ಲಿ ಸಿಕ್ಕಾಗ.

ಆರಿಸಿದ ಬೀಜವನ್ನು ನೆರಳಲ್ಲಿ ಒಣಗಿಸಿ, ತೇವ 8 ಶೇಕಡಾಕ್ಕಿಂತ ಕೆಳಗೆ ಇಳಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಮುಂದಿನ ವರ್ಷ ಸಾಲುಗಳಲ್ಲಿ ಬೆರಕೆ ಗಿಡ ಕೆಲವೇ ಕಂಡರೆ ಕಿತ್ತು ಮುಂದುವರಿಯಿರಿ, ಎರಡು-ಮೂರು ವರ್ಷದಲ್ಲಿ ಬೀಜ ಹದಕ್ಕೆ ಬರುತ್ತದೆ. ಅರ್ಧಕ್ಕರ್ಧ ಸಾಲು ಬೆರಕೆ ಕಂಡರೆ ಆ ಬೀಜದ ಹಿಂದೆ ಬೀಳಬೇಡಿ. ನಿಮ್ಮ ಅಜ್ಜನ ಕಾಲದ ಬೀಜ ಒಯ್ದ ನೆಂಟರು ಯಾರಾದರೂ, ಸುತ್ತ ಗುಂಟೂರು ತಳಿ ಇಲ್ಲದ ಊರಿನಲ್ಲಿ, ಇನ್ನೂ ಅದನ್ನೇ ಬೆಳೆಯುತ್ತಿದ್ದಾರಾ ವಿಚಾರಿಸಿ, ಅವರಿಂದ ಒಂದು ಹಿಡಿ ತನ್ನಿ.